ಹೆನ್ರಿ ಕೋ ವನದ ಬೈಸಿಕಲ್ ಸವಾರಿ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದಲ್ಲಿ ನೆಲಸಿರುವ ನನ್ನ ಮಗನಿಗೆ ಬೆಟ್ಟಗಾಡಿನಲ್ಲಿ ಬೈಸಿಕಲ್ ಸವಾರಿ ಮಾಡುವ ಹುಚ್ಚು. ಕಳೆದ ವಸಂತದಲ್ಲಿ ನಾವು ದಂಪತಿಗಳು ಅವನ ಮನೆಗೆ ಹೋದಾಗ, ಎರಡನೆಯ ವಾರದಲ್ಲಿಯೇ ಒಂದು ವ್ಯಾಜ್ಯ ನನ್ನ ಮುಂದೆ ಬಂದಿತು. ಹಿಂದಿನ ಜೂನ್ ತಿಂಗಳಲ್ಲಿ ಅವನೂ ಅವನ ಸ್ನೇಹಿತನೂ ಹೆನ್ರಿ ಕೋ ಎಂಬ ವನಕ್ಕೆ ಹೋಗಿ, ನಡುದಾರಿಯಲ್ಲಿ ನೀರು ಮುಗಿದು, ಕಾಲು ಸೆಳೆತದಿಂದ ಕುಂಟುತ್ತ, ಬೈಸಿಕಲ್ಲುಗಳನ್ನು ತಳ್ಳಿಕೊಂಡು ಕತ್ತಲಾದ ಮೇಲೆ ಹಿಂದಿರುಗಿದ್ದರಂತೆ. ಈಗ ಮತ್ತೆ ಅಲ್ಲಿಗೇ ಹೊರಟಿದ್ದರು. ಸೊಸೆ ಒಪ್ಪಲೊಲ್ಲಳು.

“ಮಾವ, ಮೂವತ್ತು ವರ್ಷ ಮೋಜಣಿ ಮಾಡಿ ನಕ್ಷೆ ನೋಡಿದವರು ನೀವು. ದಾರಿ ಸರಿಯಾಗಿದೆ ಎಂದು ನೀವು ಹೇಳಿದರೆ ಹೋಗಲಿ, ಇಲ್ಲವಾದರೆ ಬೇಡ” ಎಂದಳು. ಕೇಳದೆಯೇ ನನಗೆ ನ್ಯಾಯಾಧೀಶನ ಪದವಿ ದೊರೆಯಿತು.

ಊಟದ ಮೇಜಿನ ಮೇಲೆ ನಕ್ಷೆಯನ್ನು ಹರಡಿದೆವು. ಸ್ಯಾನ್ ಹೋಸೆಯ ದಕ್ಷಿಣಕ್ಕೆ ಮಾರ್ಗನ್ ಹಿಲ್ ಎಂಬ ಪೇಟೆ. ಅಲ್ಲಿಂದ ಪೂರ್ವದ ಬೆಟ್ಟಗಳನ್ನು ಅಂಕುಡೊಂಕಾಗಿ ಏರಿದರೆ ವನದ ಮುಖ್ಯ ಕಚೇರಿ. ಇದು ಹಿಂದೆ ಕೋ ಮನೆತನದವರ ದನಗಾವಲಾಗಿತ್ತು. ಸೇಡಾ ಕೋ ಎಂಬ ಮಹಿಳೆ ತಂದೆಯ ನೆನಪಿಗಾಗಿ 1953ರಲ್ಲಿ ಇದನ್ನು ಸಾರ್ವಜನಿಕರಿಗೆ ದಾನ ಮಾಡಿದಳು. 1958ರಲ್ಲಿ ಅದು ರಾಜ್ಯದ ವನವಾಯಿತು. ಬರಬರುತ್ತ ನೆರೆಯ ಗಾವಲುಗಳೂ ಸೇರಿ ಇಂದು ಸುಮಾರು 87,000 ಎಕರೆಗೆ ಬೆಳೆದಿದೆ. ಈಶಾನ್ಯ ಭಾಗದಲ್ಲಿರುವ ಒರೆಸ್ಟಿಂಬಾ ಕಾಡುಪ್ರದೇಶದೊಳಕ್ಕೆ ಬೈಸಿಕಲ್ಲುಗಳಿಗೆ ಪ್ರವೇಶವೇ ಇಲ್ಲ. ಸ್ನೇಹಿತನು ಬೆರಳಿಟ್ಟು ತೋರಿಸಿದ ಮೊದಲ ದಾರಿ ಆ ಗೆರೆಯನ್ನು ದಾಟುತ್ತಿತ್ತು. ಅದನ್ನು ಕೂಡಲೆ ತಳ್ಳಿಹಾಕಿದೆ.

ಇವರು ಕೊನೆಗೆ ಆರಿಸಿಕೊಂಡುದು ಸುಮಾರು 15 ಮೈಲಿಯ ಒಂದು ಸುತ್ತು. ಹದಿನೈದು ಮೈಲಿಯೇನು ಮಹಾ ಎಂದು ಓದುಗರು ಅಂದುಕೊಳ್ಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ನಕ್ಷೆಯಲ್ಲಿ ಸಮಾನ ಎತ್ತರದ ಗೆರೆಗಳು ಒತ್ತಾಗಿ ಬಂದಷ್ಟೂ ನೆಲ ಕಡಿದು. ಇಲ್ಲಿ ಅವು ಬಾಚಣಿಗೆಯ ಹಲ್ಲುಗಳಂತೆ ಒತ್ತಿಕೊಂಡಿದ್ದುವು. ಕಚೇರಿಯಿರುವುದು ಸುಮಾರು 2,600 ಅಡಿ ಎತ್ತರದಲ್ಲಿ, ಹೆಚ್ಚುಕಡಿಮೆ ನಮ್ಮ ಮೈಸೂರಿನ ಎತ್ತರ. ಅಲ್ಲಿಂದ ಒಂದೆರಡು ದಿಣ್ಣೆಗಳನ್ನು ಹತ್ತಿಳಿದು ಕೊಯೋಟಿ ಹೊಳೆಯ ನಡುಗವಲಿಗೆ ಇಳಿಯಬೇಕು. ಹೊಳೆ ದಾಟಿದೊಡನೆ ಬ್ಲೂ ರಿಡ್ಜ್ ಎಂಬ ಬೆಟ್ಟಸಾಲು ಗೋಡೆಯಂತೆ ಎದುರಾಗುತ್ತದೆ. ಒಂದೂವರೆ ಮೈಲಿಯೊಳಗೆ ಏರು ಸುಮಾರು 1,500 ಅಡಿ, ಎಂದರೆ ಐದಡಿ ನಡೆದರೆ ಒಂದಡಿ ಮೇಲೆ. ನಮ್ಮ ಚಾಮುಂಡಿ ಬೆಟ್ಟದ ಒಂದೂವರೆ ಪಟ್ಟು! ಆ ದಾರಿಗೆ ಅವರು ಇಟ್ಟಿರುವ ಹೆಸರು “ಅಡ್ಡದಾರಿ”. ಇಟ್ಟವರು ವಿನೋದಪ್ರಿಯರಿರಬೇಕು. ಸಾಲಿನ ನೆತ್ತಿ ಸೈಜರ್ ಶಿಖರ, 3,216 ಅಡಿ. ಅಲ್ಲಿಂದ ಬೆಟ್ಟದ ಬೆನ್ನಿನ ಮೇಲೆ ಸಾಗಿ, ಪಾವರ್ಟಿ ಫ್ಲಾಟ್ ಎಂಬ ಹೊಳೆಬಯಲಿಗೆ ಇಳಿದು, ಪುನಃ ಕಚೇರಿಗೆ ಏರಬೇಕು.

ಹಿಂದಿನ ವರ್ಷದ ಅನರ್ಥಕ್ಕೆ ಕಾರಣ ಈಗ ಹೊಳೆಯಿತು. ನಮ್ಮ ಕಡೆ ಬೆಟ್ಟವೆಂದರೆ ಮೊದಲು ಹತ್ತುವುದು, ದಣಿದ ಮೇಲೆ ಇಳಿಯುವುದು. ಇಲ್ಲಿ ಮನೆಯೇ ಮೇಲಿದೆ. ಬೆಳಗಿನ ತಂಪಿನಲ್ಲಿ ಇಳಿಜಾರು ಹುಮ್ಮಸ್ಸು ಕೊಡುತ್ತದೆ. ಕಡೆಯ ಏರು ಮಧ್ಯಾಹ್ನದ ಬಿಸಿಲಿನಲ್ಲಿ, ಬರಿದಾದ ನೀರಿನ ಚೀಲದೊಡನೆ, ಕಾದಿರುತ್ತದೆ. ಬೇಸಗೆಯಲ್ಲಿ ಅಲ್ಲಿ ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟನ್ನು ದಾಟುವುದುಂಟು. ಹೊಳೆಗಳು ಬತ್ತಿ ಅಲ್ಲಲ್ಲಿ ಮಡುಗಳು ಮಾತ್ರ ಉಳಿಯುತ್ತವೆ.

ಆದುದರಿಂದ ನಾನು ವಿಧಿಸಿದ ಷರತ್ತುಗಳು ಇವು: ಏಪ್ರಿಲಿನಲ್ಲಿಯೇ ಹೋಗಬೇಕು. ತಲೆಗೆ ನಾಲ್ಕು ಲೀಟರು ನೀರು, ಹೊಳೆಯ ನೀರನ್ನು ಸೋಸುವ ಸಾಧನ ಬೇರೆ. ಎಂಟಕ್ಕೆ ಹೊರಡುವುದು, ಹನ್ನೊಂದಕ್ಕೆ ಬೆಟ್ಟಸಾಲಿನ ನೆತ್ತಿ ಸೇರದಿದ್ದರೆ, ಎಲ್ಲಿದ್ದರೆ ಅಲ್ಲಿಂದ ಹಿಂದಕ್ಕೆ. ಕಾಡಿನೊಳಗೆ ಮೊಬೈಲಿಗೆ ಸಂಪರ್ಕ ದೊರೆಯುವುದಿಲ್ಲವಾದ್ದರಿಂದ ಈ ಕರಾರಿಗೆ ಬೇರೆ ಕಾವಲಿರಲಿಲ್ಲ. ಮಗನು ಮುಖ ಸಣ್ಣದು ಮಾಡಿಕೊಂಡು ಒಪ್ಪಿದನು. ಸೊಸೆ ಹುಳಿಯವಲಕ್ಕಿ, ಕೋಡುಬಳೆ, ಕಡಲೆಕಾಯಿ ಬೆಲ್ಲದ ಉಂಡೆ ಕಟ್ಟಿಕೊಟ್ಟಳು. ಬೆವರಿನಲ್ಲಿ ಹೋದ ಉಪ್ಪನ್ನು ತುಂಬಲು ನನ್ನಾಕೆಯ ನಿಂಬೆಕಾಯಿ ಉಪ್ಪಿನಕಾಯಿಯೂ ಹೊರಟಿತು.

ಹೊರಡುವ ಮೊದಲು ಮತ್ತೊಂದು ವಿಘ್ನ. ಗುರುವಾರ ರಾತ್ರಿ ಮಳೆ ಸುರಿಯಿತು. ಅರ್ಧ ಅಂಗುಲ ಮಳೆಯಾದರೆ ಮುಂದಿನ 48 ಗಂಟೆ ಅಲ್ಲಿನ ಕಿರುಜಾಡುಗಳ ಮೇಲೆ ಬೈಸಿಕಲ್ ಓಡಿಸಕೂಡದೆಂದು ನಿಯಮ. ಹಸಿಮಣ್ಣಿನಲ್ಲಿ ಗಾಲಿ ಕೊರೆದ ಗೀರು ಮುಂದಿನ ಮಳೆಗೆ ಕಾಲುವೆಯಾಗುತ್ತದೆ. ಅಗಲವಾದ ಹಳೆಯ ಗಾವಲು ರಸ್ತೆಯನ್ನೇ ಹಿಡಿಯುವುದೆಂದು ತೀರ್ಮಾನಿಸಿದೆವು.

ಶನಿವಾರ ನಾನೂ ಸೊಸೆಯೂ ಕಚೇರಿಯವರೆಗೆ ಜೊತೆಯಾಗಿ ಹೋದೆವು. ಹಸಿರು ಹುಲ್ಲು, ಓಕ್ ಮರಗಳ ಎಳೆಚಿಗುರು, ಕೆಂಪು ನುಣುಪು ತೊಗಟೆಯ ಮಂಜನೀಟ ಪೊದೆಗಳು. ಅದೊಂದು ಸೊಗಸಾದ ಬೆಳಗು. ಹುಡುಗರು ಎಂಟು ಗಂಟೆಗೆ ಮರೆಯಾದರು. ಹೊತ್ತು ಕಳೆಯಲು ನಾನು ಇಂಥ ಬೈಸಿಕಲ್ಲುಗಳ ಪೂರ್ವೋತ್ತರ ನೆನೆದೆನು. 1976ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಉತ್ತರದ ಮರಿನ್ ಬೆಟ್ಟಗಳಲ್ಲಿ ಕೆಲವರು ದಪ್ಪ ಟೈರಿನ ಹಳೆಯ ಗಾಡಿಗಳ ಮೇಲೆ ಇಳಿಜಾರಿನ ಪಂದ್ಯ ಹೂಡಿದರು. ಒಂದು ಇಳಿತಕ್ಕೆ ಬ್ರೇಕಿನ ಗ್ರೀಸು ಕಾದು ಹೊಗೆಯಾಗಿ, ಮತ್ತೆ ತುಂಬಬೇಕಾಗುತ್ತಿದ್ದುದರಿಂದ ಆ ದಾರಿಗೆ ರೀಪ್ಯಾಕ್ ಎಂದೇ ಹೆಸರಾಯಿತು. ಅಲ್ಲಿಂದ ಐದು ವರ್ಷಕ್ಕೆ, 1981ರಲ್ಲಿ, ಸ್ಟಂಪ್‌ಜಂಪರ್ ಎಂಬ ಬೆಟ್ಟದ ಬೈಸಿಕಲ್ ಅಂಗಡಿಗಳಿಗೆ ಬಂದಿತು.

ಕಚೇರಿಯಲ್ಲಿದ್ದ ವೃದ್ಧ ಸ್ವಯಂಸೇವಕರೊಬ್ಬರಿಗೆ ನನ್ನ ವೇಳಾಪಟ್ಟಿಯನ್ನು ತೋರಿಸಿದೆ. ಅಡ್ಡದಾರಿಗೆ ಒಂದು ಗಂಟೆ ಬರೆದುದನ್ನು ಕಂಡು ಅವರು ನಕ್ಕರು. ಅಲ್ಲಿ ಬಹುಮಂದಿ ಗಾಡಿಯನ್ನು ತಳ್ಳಿಕೊಂಡೇ ಹತ್ತುತ್ತಾರಂತೆ. ಸವಾರನ ಬೆನ್ನಿಗೆ ಹೊರೆ, ಕೈಗೆ ಗಾಡಿ, ಕಾಲಡಿಯಲ್ಲಿ ಜಾರುವ ನೊರಜು; ನಾನು ಲೆಕ್ಕ ಹಾಕಿದ್ದುದು ಸರಪಣಿ ಹಿಡಿದ ಮೋಜಣಿದಾರನ ನಡಿಗೆಯ ಮೇಲೆ. ತಪ್ಪು ನನ್ನದು, ತಿಳಿಸುವ ದಾರಿಯಿಲ್ಲ. ಸೊಸೆಗೆ ಹೇಳಲು ಧೈರ್ಯ ಸಾಲದೆ ಸುಮ್ಮನೆ ಕುಳಿತೆ.

ಎರಡು ಗಂಟೆಗೆ ಇಬ್ಬರೂ ಕಾಣಿಸಿಕೊಂಡರು, ಹೋದ ದಾರಿಯಿಂದಲೇ. ಮಳೆಯಿಂದ ಹೊಳೆ ತುಂಬಿದ್ದು, ದಾಟುವುದಕ್ಕೆ ಅರ್ಧ ಗಂಟೆ ಹಿಡಿದಿತ್ತು. ಹನ್ನೊಂದು ಹೊಡೆದಾಗ ನೆತ್ತಿ ಇನ್ನೂ ನಾನೂರಡಿ ಮೇಲಿದ್ದಿತಂತೆ. ಸ್ನೇಹಿತನು ಮುಂದುವರಿಯೋಣವೆಂದನು, ಮಗನು ಗಡಿಯಾರ ತೋರಿಸಿದನು. ಸೊಸೆ ಮಾತನಾಡದೆ ಗಂಡನ ಕೈಗೆ ಮಜ್ಜಿಗೆಯ ಲೋಟವನ್ನು ಕೊಟ್ಟಳು. ಇಬ್ಬರ ಚೀಲಗಳಲ್ಲಿಯೂ ಒಂದೊಂದು ಲೀಟರು ನೀರು ಉಳಿದಿತ್ತು.

ಬೆಟ್ಟ ಇಳಿಯುವಾಗ ನನ್ನ ಲೆಕ್ಕದ ತಪ್ಪನ್ನು ಒಪ್ಪಿಕೊಂಡೆ. ಮಗನು ತುಸು ಹೊತ್ತು ಸುಮ್ಮನಿದ್ದು, “ಹಾಗಾದರೆ ಅಪ್ಪ, ಬೆಳಕು ಹರಿಯುತ್ತಲೇ ಹೊರಟರೆ?” ಎಂದನು. ಹಿಂದಿನ ಆಸನದಲ್ಲಿ ಸೊಸೆ ನಕ್ಷೆಯನ್ನು ಆಗಲೇ ಬಿಚ್ಚಿ, ಹೊಳೆಯ ಮೇಲೆ ಬೆರಳಿಟ್ಟು, “ಇಲ್ಲಿಗೆ ಎಷ್ಟು ಹೊತ್ತಿಗೆ ಬರಬೇಕು, ಮಾವ?” ಎಂದು ಕೇಳಿದಳು.