ಮೇಷ್ಟ್ರ ಮನೆಗೆ ಪೆಂಗ್ವಿನ್ ಬಂತು

ಸಾಗರದ ಆ ಕನ್ನಡ ಮೇಷ್ಟ್ರ ಮನೆಯಲ್ಲಿ ಆಯುಧಪೂಜೆಯ ದಿನ ಸ್ಕೂಟರಿಗೆ, ಮಿಕ್ಸಿಗೆ, ಈಳಿಗೆಮಣೆಗೆ ಪೂಜೆಯಾದ ಮೇಲೆ ಕಂಪ್ಯೂಟರಿಗೂ ಒಂದು ಬೊಟ್ಟು ಕುಂಕುಮ ಸಲ್ಲುತ್ತದೆ. 2025ರ ಅಕ್ಟೋಬರ್ 1ರಂದೂ ಸಂದಿತು. ಆ ಕುಂಕುಮ ಮಾಸುವ ಮೊದಲೇ, ಅದೇ ತಿಂಗಳ 14ರಂದು, ಅದರೊಳಗಿದ್ದ ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲು ಬೆಂಬಲ ನಿಂತುಹೋಯಿತು. ಇನ್ನೊಂದು ವರ್ಷದ ಮಟ್ಟಿಗೆ ಹೆಚ್ಚುವರಿ ರಕ್ಷಣೆ ಪಡೆಯುವ ದಾರಿಯೇನೋ ಇತ್ತು. ಅದು ಸಾಲದ ವಾಯಿದೆ ಮುಂದೆ ಹಾಕಿದಂತೆಯೇ ಹೊರತು ಸಾಲ ತೀರಿದಂತಲ್ಲ. ವಿಂಡೋಸ್ 11 ಹಾಕೋಣವೆಂದರೆ, 2014ರಲ್ಲಿ ಕೊಂಡ ಆ ಯಂತ್ರದ ಪ್ರೊಸೆಸರ್ ಅದಕ್ಕೆ ಹಳೆಯದಾಯಿತು. ಬೇಕೇಬೇಕೆನ್ನುವ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆಯೂ ಅದರಲ್ಲಿಲ್ಲ.

‘ಸಾರ್, ಇದನ್ನ ಗುಜರಿಗೆ ಹಾಕಿ. 35 ಸಾವಿರ ಹಾಕಿದ್ರೆ ಹೊಸದು ಬರುತ್ತೆ’ ಎಂದ ಪೇಟೆಯ ಅಂಗಡಿಯವನು. ಎರಡನೇ ಪಿ.ಯು.ಸಿ. ಓದುವ ಮಗಳ ಸಿ.ಇ.ಟಿ. ತರಬೇತಿಗೆ ಎರಡನೇ ಕಂತು ಕಟ್ಟಿ ಇನ್ನೂ ವಾರವಾಗಿರಲಿಲ್ಲ. ಮೇಷ್ಟ್ರು ಸುಮ್ಮನೆ ಮನೆಗೆ ಬಂದರು.

‘ಅಪ್ಪಾ, ಲಿನಕ್ಸ್ ಹಾಕೋಣ. ದುಡ್ಡು ಕೊಡಬೇಕಾಗಿಲ್ಲ’ ಎಂದಳು ಮಗಳು. ಕಾಲೇಜಿನ ಲ್ಯಾಬಿನಲ್ಲಿ ಅದನ್ನು ಒಂದೆರಡು ಸಲ ನೋಡಿದ್ದಷ್ಟೇ ಅವಳ ಅನುಭವ.

‘ಪುಕ್ಕಟೆ ಅಂದಮೇಲೆ ಒಳಗೆ ಏನೋ ಮೋಸ ಇರುತ್ತೆ ಕಣೇ’ ಎಂದರು ಮೇಷ್ಟ್ರು.

‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ ಹಾಗಾಯ್ತು ನಿಮ್ಮದು’ ಎಂದು ಅಡುಗೆಮನೆಯಿಂದಲೇ ತೀರ್ಪು ಬಂತು.

ಮಗಳು ಬಿಡಿಸಿ ಹೇಳಿದಳು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬವರು, ಯಾರು ಬೇಕಾದರೂ ಬಳಸಬಹುದಾದ, ಬಿಚ್ಚಿ ನೋಡಬಹುದಾದ, ತಿದ್ದಿ ಇನ್ನೊಬ್ಬರಿಗೆ ಹಂಚಬಹುದಾದ ತಂತ್ರಾಂಶ ಕಟ್ಟುವ ‘ಗ್ನೂ’ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್, ಹವ್ಯಾಸಕ್ಕೆಂದು ಬರೆಯುತ್ತಿದ್ದ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಎಲ್ಲರ ಮುಂದಿಟ್ಟರು. ಮರುವರ್ಷ ಅದನ್ನೂ ಗ್ನೂವಿನ ಪರವಾನಗಿಯಡಿ ತಂದರು. ಆಮೇಲೆ ಸಾವಿರಾರು ಜನ ಕೈ ಹಚ್ಚಿದರು. ಮೇಷ್ಟ್ರ ಕೈಯಲ್ಲಿದ್ದ ಆಂಡ್ರಾಯ್ಡ್ ಫೋನಿನ ತಿರುಳೂ ಅದೇ. 2017ರ ನವೆಂಬರಿನ ಪಟ್ಟಿಯ ವೇಳೆಗೆ ಜಗತ್ತಿನ 500 ಅತಿವೇಗದ ಸೂಪರ್ ಕಂಪ್ಯೂಟರುಗಳೂ ಅದರ ಮೇಲೆಯೇ ಓಡುತ್ತಿದ್ದವು.

ಮೇಷ್ಟ್ರು ಸ್ವಲ್ಪ ಹೊತ್ತು ಯೋಚಿಸಿದರು. ‘ಹಾಗಾದರೆ ಇದು ಅಮ್ಮನ ಹಸೆಹಾಡಿನ ಹಾಗೆ. ಮೊದಲು ಕಟ್ಟಿದವರು ಯಾರೋ, ಹಾಡಿದವರೆಲ್ಲ ಒಂದೊಂದು ಸಾಲು ಸೇರಿಸಿದವರೇ.’

‘ಇಲ್ಲಿ ಸೇರಿಸಿದವರ ಹೆಸರು ಬರೆದಿಟ್ಟಿರ್ತಾರೆ. ಅಷ್ಟೇ ವ್ಯತ್ಯಾಸ’ ಎಂದಳು ಮಗಳು. ಒಪ್ಪಿಗೆ ಸಿಕ್ಕಿತು.

ಲಿನಕ್ಸಿನಲ್ಲಿ ನೂರಾರು ಬಗೆಗಳಿವೆ. ಹೊಸಬರಿಗೆ ಸುಲಭವೆಂದು ಹೆಸರಾದ ‘ಲಿನಕ್ಸ್ ಮಿಂಟ್’ ಅನ್ನು ಅವಳು ಆರಿಸಿಕೊಂಡಳು. ಸುಮಾರು 3 ಜಿ.ಬಿ.ಯ ಆ ಕಡತವನ್ನು ಇಳಿಸಿಕೊಂಡು, 8 ಜಿ.ಬಿ.ಯ ಪೆನ್‌ಡ್ರೈವಿಗೆ ಹಾಕಿದಳು. ಸುಮ್ಮನೆ ನಕಲು ಮಾಡಿದರೆ ಆಗದು. ಯಂತ್ರ ಅದರಿಂದಲೇ ಏಳುವಂತೆ ಬರೆದುಕೊಡುವ ಸಣ್ಣ ತಂತ್ರಾಂಶ ಬೇಕು. ಭಾನುವಾರ ಬೆಳಿಗ್ಗೆ ಪೆನ್‌ಡ್ರೈವ್ ಚುಚ್ಚಿ, ಗುಂಡಿ ಒತ್ತಿ, ಹಾರ್ಡ್ ಡಿಸ್ಕಿನ ಬದಲು ಅದರಿಂದ ಏಳುವಂತೆ ಯಂತ್ರಕ್ಕೆ ಹೇಳಿದಳು. ಎರಡು ನಿಮಿಷದಲ್ಲಿ ಹೊಸ ಪರದೆ ಮೂಡಿತು. ಕೆಳಗೆ ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ. ‘ಇಷ್ಟೇನಾ? ಹಳೇದರ ಹಾಗೇ ಇದೆಯಲ್ಲ!’ ಎಂದರು ಮೇಷ್ಟ್ರು, ತುಸು ನಿರಾಸೆಯಿಂದಲೇ.

ಇದರ ಒಂದು ಸೌಕರ್ಯ ಹೊಸಬರು ತಿಳಿದಿರಬೇಕಾದದ್ದು. ಪೆನ್‌ಡ್ರೈವಿನಿಂದ ಎದ್ದ ಲಿನಕ್ಸ್, ಹೇಳದ ಹೊರತು ಒಳಗಿನ ಡಿಸ್ಕಿನ ಕಡತಗಳನ್ನು ಮುಟ್ಟುವುದಿಲ್ಲ. ಬೇಡವೆಂದರೆ ಪೆನ್‌ಡ್ರೈವ್ ಕಿತ್ತು ಮತ್ತೆ ಚಾಲೂ ಮಾಡಿದರಾಯಿತು, ಹಳೆಯದು ಹಾಗೆಯೇ ಇರುತ್ತದೆ. ನಿಧಾನವಾಗಿ ನೋಡಿ ತೀರ್ಮಾನಿಸಬಹುದು. ಆದರೆ ಹದಿನೇಳರ ವಯಸ್ಸಿಗೆ ನಿಧಾನ ಎಲ್ಲಿಯದು?

ಕಾಲು ಗಂಟೆಯಲ್ಲೇ ಅವಳು ‘ಇನ್‌ಸ್ಟಾಲ್’ ಚಿತ್ರವನ್ನು ಒತ್ತಿದ್ದಳು. ವಿಂಡೋಸ್ ಪಕ್ಕದಲ್ಲಿ ಹಾಕಬೇಕೋ, ಡಿಸ್ಕನ್ನು ಪೂರ್ತಿ ಅಳಿಸಿ ಹಾಕಬೇಕೋ ಎಂದು ಪರದೆ ಕೇಳಿತು. ಹಳೆಯ ಕಸವೇಕೆಂದು ಎರಡನೆಯದನ್ನು ಆರಿಸಿದಳು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ದಾಖಲೆ, ಫೋಟೋ, ಸಂಗೀತ ಎಲ್ಲವೂ ಅಳಿದುಹೋಗುತ್ತವೆ ಎಂಬ ಎಚ್ಚರಿಕೆ ಇತ್ತು. ಅವಳು ಓದಲಿಲ್ಲ. ಮುಂದಿನ ಗುಂಡಿಯತ್ತ ಬಾಣ ಸರಿಯುವಾಗ ಹಿಂದಿನಿಂದ ಮೇಷ್ಟ್ರು ಕೇಳಿದರು: ‘ಅಮ್ಮನ ಹಾಡು ಇದರಲ್ಲೂ ಬರುತ್ತೆ ತಾನೆ?’

ಅವಳ ಕೈ ಅಲ್ಲೇ ನಿಂತಿತು.

2007ರ ಬೇಸಿಗೆ ರಜೆಯಲ್ಲಿ ಮೇಷ್ಟ್ರು ತಾಯಿಯನ್ನು ಜಗಲಿಯಲ್ಲಿ ಕೂರಿಸಿಕೊಂಡು ಮದುವೆಮನೆಯ 112 ಹಾಡುಗಳನ್ನು ಬರೆದುಕೊಂಡಿದ್ದರು. ಆಮೇಲೆ ನುಡಿ ತಂತ್ರಾಂಶದಲ್ಲಿ ಒಂದೊಂದಾಗಿ ಬೆರಳಚ್ಚಿಸಿದ್ದರು. ಆ ನೋಟುಬುಕ್ಕನ್ನು ಗೆದ್ದಲು ತಿಂದು ವರ್ಷಗಳಾಗಿದ್ದವು. ಅಜ್ಜಿಯೂ ಹೋಗಿಯಾಗಿತ್ತು. ಹಾಡುಗಳು ಇದ್ದದ್ದು ಆ ಡಿಸ್ಕಿನಲ್ಲಿ ಮಾತ್ರ.

ಮಗಳು ಒಂದೊಂದೇ ಹೆಜ್ಜೆ ಹಿಂದೆ ಸರಿದು ಹೊರಬಂದಳು. ಪೆನ್‌ಡ್ರೈವಿನ ಲಿನಕ್ಸಿನಿಂದಲೇ ಹಳೆಯ ಡಿಸ್ಕನ್ನು ತೆರೆದು ಹಾಡಿನ ಕಡತವನ್ನು ಒತ್ತಿದಳು. ಲಿಬ್ರೆ ಆಫೀಸ್ ತೆರೆದುಕೊಂಡಿತು. ಒಳಗೆ ಒಂದೇ ಒಂದು ಕನ್ನಡ ಅಕ್ಷರವಿರಲಿಲ್ಲ. ತಲೆಯ ಮೇಲೆ ಟೋಪಿ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆಯೇ ಪುಟಪುಟಗಳಲ್ಲಿ ನೆರೆದಿತ್ತು. ಮೇಷ್ಟ್ರು ಮಾತಾಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

ಹಾಡು ಹಾಳಾಗಿರಲಿಲ್ಲ. ಹಳೆಯ ನುಡಿಯಲ್ಲಿ ಬೆರಳಚ್ಚಿಸಿದಾಗ ಕಡತದೊಳಗೆ ಕೂರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಅವಕ್ಕೆ ಕನ್ನಡದ ವೇಷ ತೊಡಿಸುವುದು ನುಡಿಯ ಫಾಂಟು. ಫಾಂಟಿಲ್ಲದ ಯಂತ್ರದಲ್ಲಿ ವೇಷ ಕಳಚುತ್ತದೆ. ಅರ್ಧ ಗಂಟೆ ತಡಕಾಡಿದ ಮೇಲೆ ಮಗಳಿಗೆ ಇದು ಹೊಳೆಯಿತು. ಹಳೆಯ ವಿಂಡೋಸಿನ ಫಾಂಟುಗಳ ಕೋಶದಿಂದ ನುಡಿಯವನ್ನು ಹುಡುಕಿ ಲಿನಕ್ಸಿಗೆ ಸೇರಿಸಿ, ಕಡತವನ್ನು ಮತ್ತೆ ತೆರೆದಳು. ಹಾಡು ಬಂತು. ಹಸೆಗೆ ಕರೆಯುವ ಹಾಡು, ಹೆಣ್ಣು ಒಪ್ಪಿಸುವ ಹಾಡು, ಎಲ್ಲವೂ. ಅಡುಗೆಮನೆಯಿಂದ ಅಮ್ಮನೂ ಬಂದು ನಿಂತರು.

ಅಂದು ಲಿನಕ್ಸ್ ಹಾಕುವ ಕೆಲಸ ನಿಂತಿತು, ನಕಲು ಮಾಡುವ ಕೆಲಸ ನಡೆಯಿತು. ಹಾಡು, ಫೋಟೋ, ಅಂಕಪಟ್ಟಿಗಳೆಲ್ಲ ಎರಡು ಬೇರೆ ಬೇರೆ ಕಡೆ ಸೇರಿದವು. ಮುಂದಿನ ಭಾನುವಾರ ಅಪ್ಪ ಮಗಳು ಇಬ್ಬರೂ ಕೂತು, ಪರದೆಯ ಪ್ರತಿಯೊಂದು ಸಾಲನ್ನೂ ಗಟ್ಟಿಯಾಗಿ ಓದಿ, ವಿಂಡೋಸಿನ ಪಕ್ಕದಲ್ಲೇ ಲಿನಕ್ಸಿಗೂ ಜಾಗ ಕೊಟ್ಟರು. ಮೇಷ್ಟ್ರ ಶಾಲೆಯ ಕೆಲವು ನಮೂನೆಗಳಿಗೆ ಹಳೆಯ ನುಡಿಯೇ ಬೇಕು, ಅದು ವಿಂಡೋಸಿನದು. ಆ ಭಾಗವನ್ನು ಇಂಟರ್ನೆಟ್ಟಿಗೆ ಜೋಡಿಸದೆ ಉಳಿಸಿಕೊಂಡದ್ದಾಯಿತು.

ಎಲ್ಲವೂ ಸಲೀಸಾಗಿ ಆಯಿತೆಂದಲ್ಲ. ವೈಫೈ ಹಿಡಿಯುವ ಸಣ್ಣ ಕಡ್ಡಿಯನ್ನು ಲಿನಕ್ಸ್ ಗುರುತಿಸಲೇ ಇಲ್ಲ. ಫೋನನ್ನು ಕೇಬಲ್ಲಿನಿಂದ ಜೋಡಿಸಿ, ಅದರ ಇಂಟರ್ನೆಟ್ಟಿನಿಂದಲೇ ಕಡ್ಡಿಗೆ ಬೇಕಾದ ಚಾಲಕ ತಂತ್ರಾಂಶ ತರಬೇಕಾಯಿತು. ಪ್ರಿಂಟರ್ ಎರಡು ದಿನ ಮುನಿಸಿಕೊಂಡಿತು. ಆದರೆ ಕಾಲೇಜಿನಲ್ಲಿ ಕಲಿಯುತ್ತಿದ್ದ ಪೈಥಾನ್ ಮೊದಲೇ ಒಳಗೆ ಕೂತಿತ್ತು. 4 ಜಿ.ಬಿ. ನೆನಪಿನ ಆ ಮುದಿ ಯಂತ್ರ ಮೊದಲಿಗಿಂತ ಚುರುಕಾಗಿ ಏಳತೊಡಗಿತು.

ಮೇಷ್ಟ್ರಿಗೆ ಖುಷಿಯಾದದ್ದು ಬೇರೆಯದರಿಂದ. ಕೀಲಿಮಣೆಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಹುಡುಕುವಾಗ ಅದರ ಎದುರು ‘ಕಗಪ’ ಎಂದಿತ್ತು. ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳು! ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಅದೇ ವಿನ್ಯಾಸ ಸಿಕ್ಕಿತು. ಆದರೆ ಈಗ ಕಡತದೊಳಗೆ ಕೂರುವುದು ವೇಷದ ಅಕ್ಷರವಲ್ಲ, ಯೂನಿಕೋಡಿನ ಕನ್ನಡ. ಲಿನಕ್ಸ್ ಹುಟ್ಟಿದ 1991ರಲ್ಲೇ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೂ ಜಾಗವಿತ್ತು. ಹಾಗೆ ಬರೆದದ್ದನ್ನು ಯಾವ ಕಂಪ್ಯೂಟರೂ, ಯಾವ ಫೋನೂ ಕನ್ನಡವೆಂದೇ ಓದುತ್ತದೆ.

ಮಕ್ಕಳು ಹೊಸದನ್ನು ಹಾಕೋಣವೆಂದಾಗ ಹೆದರಿ ಬೇಡವೆನ್ನಬೇಕಾಗಿಲ್ಲ. ಯಾವುದು ಕಳೆದರೆ ಮತ್ತೆ ಸಿಗದು ಎಂದು ಹಿರಿಯರು ಒಮ್ಮೆ ಕೇಳಿದರೆ ಸಾಕು. ಅದನ್ನು ಮೊದಲು ನಕಲು ಮಾಡಿಟ್ಟರೆ ಉಳಿದದ್ದೆಲ್ಲ ಕಲಿಕೆಯೇ.

ಹಾಡುಗಳನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವೊತ್ತುಗಳು ಅಲ್ಲಲ್ಲಿ ಎಡವಿದವು. ದೀಪಾವಳಿ ಕಳೆದ ಮೇಲೆ ದಿನಕ್ಕೆ ನಾಲ್ಕರಂತೆ ಮಗಳು ಓದುವುದು, ಮೇಷ್ಟ್ರು ತಿದ್ದುವುದು ನಡೆಯಿತು. ತಿದ್ದಿದ್ದನ್ನು ಮಗಳು ಶಿರಸಿಯಲ್ಲಿರುವ ಸೋದರತ್ತೆಯ ಫೋನಿಗೆ ಕಳಿಸಿದಳು. ಮರುದಿನವೇ ಅತ್ತೆಯ ಕರೆ ಬಂತು: ‘ತಮ್ಮಾ, ಹಸೆಗೆ ಕರೆಯೋ ಹಾಡಲ್ಲಿ ಒಂದು ಸಾಲು ಬಿಟ್ಟಿದ್ದೀಯ. ಅಮ್ಮ ಅದನ್ನ ನನಗೆ ಮಾತ್ರ ಹೇಳಿಕೊಟ್ಟಿದ್ದಳು. ಹೇಳ್ತೀನಿ, ಬರ್ಕೋ.’

ಮೇಷ್ಟ್ರು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡರು.