ಸಹಿ ಮಾಡಿದ ಕೈಗೆ ಹೊಣೆ

ನಮ್ಮ ಸಮಾಜದ ಅನೇಕ ಮನೆತನಗಳು ವ್ಯಾಪಾರವನ್ನೇ ಕಾಯಕವೆಂದು ನಂಬಿ ಬಾಳಿದವು. ಎಣ್ಣೆ ಗಿರಣಿಯಿರಲಿ, ದಲ್ಲಾಳಿ ಅಂಗಡಿಯಿರಲಿ, ಅಣ್ಣತಮ್ಮಂದಿರು, ಭಾವಮೈದುನರು ಪಾಲುಗೂಡಿ ನಡೆಸುವುದು ರೂಢಿ. ಪಾಲುಪತ್ರ ಬರೆಯಿಸುವಾಗ ತೆರಿಗೆಯ ಅನುಕೂಲಕ್ಕೆಂದು ಮನೆಯ ಹೆಣ್ಣುಮಕ್ಕಳ ಹೆಸರನ್ನೂ ಸೇರಿಸುವುದುಂಟು. ಅವರು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, ತೋರಿಸಿದೆಡೆ ಸಹಿ ಮಾಡಿ ಒಳಗೆ ಹೋಗುತ್ತಾರೆ. ಆ ಸಹಿಯ ಭಾರವೆಷ್ಟೆಂದು ಅವರಿಗೆ ತಿಳಿಸುವವರು ವಿರಳ.

ನಮ್ಮ ಬಂಧುಗಳ ಮನೆಯೊಂದರಲ್ಲಿ ಹೀಗಾಯಿತು. ಗಿರಣಿಯ ಯಂತ್ರ ರಿಪೇರಿ ಮಾಡಿದ ಮಿಸ್ತ್ರಿಗೆ 80,000 ರೂಪಾಯಿ ಬಾಕಿಯಿತ್ತು. ಕೆಲಸ ಒಪ್ಪಂದದಂತೆ ಆಗಲಿಲ್ಲವೆಂದು ಗಿರಣಿಯವರ ವಾದ; ಒಂದು ಹಂಗಾಮು ಪೂರ್ತಿ ಯಂತ್ರ ಓಡಿಸಿಕೊಂಡು ಈಗ ಹೀಗೆನ್ನಬಹುದೇ ಎಂದು ಅವನ ಪ್ರಶ್ನೆ. ಕೊನೆಗೆ ನ್ಯಾಯಾಲಯದ ಸಮನ್ಸು ಬಂದಿತು. ಬಂದದ್ದು ಗಿರಣಿಯ ಹೆಸರಿಗಷ್ಟೇ ಅಲ್ಲ, ಆ ಮನೆಯ ಹಿರಿಯ ಸೊಸೆಯ ಹೆಸರಿಗೂ.

“ಗಿರಣಿಯ ಹೊಸ್ತಿಲು ತುಳಿದವಳಲ್ಲ ನಾನು. ನನ್ನನ್ನೇಕೆ ಕರೆದಿದ್ದಾರೆ, ಅಣ್ಣಾ?” ಎಂದು ಆ ತಾಯಿ ನಮ್ಮನ್ನು ಕೇಳಿದರು.

ಉತ್ತರ 1932ರ ಪಾಲುದಾರಿಕೆ ಅಧಿನಿಯಮದಲ್ಲಿದೆ. ಫರ್ಮೆಂಬುದು ಪಾಲುದಾರರ ಕೂಟಕ್ಕಿಟ್ಟ ಹೆಸರೇ ಹೊರತು ಬೇರೊಬ್ಬ ವ್ಯಕ್ತಿಯಲ್ಲ. ಅದರ ಋಣಕ್ಕೆ ಪಾಲುದಾರರೆಲ್ಲರೂ ಕೂಡಿಯೂ ಹೊಣೆ, ಒಬ್ಬೊಬ್ಬರಾಗಿಯೂ ಹೊಣೆ. ಬಾಕಿಯವನು ಪೂರ್ತಿ ಹಣವನ್ನು ಯಾರೊಬ್ಬರಿಂದಲೂ ಕೇಳಬಹುದು. ಕೊಟ್ಟವರು ಆಮೇಲೆ ಉಳಿದವರಿಂದ ಅವರವರ ಪಾಲನ್ನು ವಸೂಲು ಮಾಡಿಕೊಳ್ಳಬೇಕು. ಅಂಗಡಿಯ ಸಾಲ ಮನೆಯ ಬಾಗಿಲಿಗೆ ಬರುವುದು ಹೀಗೆ. ಆಕೆ ಪಾಲುದಾರಳಾಗಿರದೆ ಬರಿಯ ಹೆಂಡತಿಯಾಗಿದ್ದರೆ, ಗಂಡನ ಗಿರಣಿಯ ಸಾಲಕ್ಕೆ ಆಕೆಯ ಸ್ತ್ರೀಧನವನ್ನು ಮುಟ್ಟುವಂತಿರಲಿಲ್ಲ.

“ತಾಳಿಯನ್ನೂ ಜಪ್ತಿ ಮಾಡುವರೇ?” ಇದು ಅವರ ಎರಡನೆಯ ಪ್ರಶ್ನೆ. ಇಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನಂತೆ ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ ಹಾಗೂ ಧಾರ್ಮಿಕ ರೂಢಿಯ ಪ್ರಕಾರ ಹೆಣ್ಣು ಕಳಚಿಡಲಾಗದ ಒಡವೆಯನ್ನು ಜಪ್ತಿ ಮಾಡಲಾಗದು. ಆದರೆ ಆಕೆಯ ಬಳೆಗಳಿಗಾಗಲಿ, ತವರಿನಿಂದ ಬಂದ ನಿವೇಶನಕ್ಕಾಗಲಿ ಆ ರಕ್ಷಣೆಯಿಲ್ಲ. ಇದನ್ನು ಕೇಳಿ ಅವರು ಬಹಳ ಹೊತ್ತು ಮಾತಾಡಲಿಲ್ಲ.

ಮನೆಯಲ್ಲಿ ಕೂಡಿದ ಹಿರಿಯರೊಬ್ಬರು, ಇಂಥ ಬಾಕಿಗೆ ಮೂರು ವರ್ಷದ ಕಾಲಮಿತಿಯುಂಟು, ಮಿಸ್ತ್ರಿಯನ್ನು ಇನ್ನಷ್ಟು ದಿನ ಸಮಾಧಾನಪಡಿಸಿದ್ದರೆ ದಾವೆಗೆ ಅವಕಾಶವೇ ಇರುತ್ತಿರಲಿಲ್ಲವೆಂದು ಪೇಚಾಡಿದರು. ಕಾಲಮಿತಿಯ ಮಾತು ನಿಜ. ಆದರೆ ಗಂಡ ಹೆಚ್ಚಿಗೆ ತಂದ ಅಕ್ಕಿಯನ್ನು ಹಿಂತಿರುಗಿಸೆಂದ ಲಕ್ಕಮ್ಮನ ಕಥೆಯನ್ನು ಮಕ್ಕಳಿಗೆ ಹೇಳುವ ಮನೆಯಲ್ಲಿ ಈ ಮಾತು ನಮಗೆ ಸರಿಬೀಳಲಿಲ್ಲ. ಆ ತಾಯಿಗೂ ಸರಿಬೀಳಲಿಲ್ಲ. “ಯಂತ್ರ ಓಡಿದೆಯೋ ಇಲ್ಲವೋ, ಅಷ್ಟು ಹೇಳಿ,” ಎಂದು ಮೈದುನರನ್ನು ಕೇಳಿದರು. ಓಡಿತ್ತು. ಸವೆದ ಒಂದು ಬಿಡಿಭಾಗದ ಬೆಲೆಯನ್ನು ಕಳೆದು ಉಳಿದುದನ್ನು ಕೊಡುವುದೆಂದು ರಾಜಿಯಾಗಿ, ಪ್ರಕರಣ ಮುಗಿಯಿತು.

ತರುವಾಯ ಆಕೆ ಪಾಲಿನಿಂದ ಹೊರಬರಬಯಸಿದರು. ಮನೆಮಂದಿಯೆದುರು ಹೇಳಿದರೆ ಇದಾಗದು, ಒಳಗೊಳಗೆ ಕಾಗದ ಬರೆದುಕೊಂಡರೂ ಸಾಲದು. ನಿವೃತ್ತಿಯ ಸಾರ್ವಜನಿಕ ಪ್ರಕಟಣೆಯಾಗುವವರೆಗೆ, ಆಕೆಯನ್ನು ಪಾಲುದಾರಳೆಂದು ಬಲ್ಲವರೊಡನೆ ಗಿರಣಿ ಮಾಡುವ ಹೊಸ ವ್ಯವಹಾರಕ್ಕೂ ಆಕೆ ಹೊಣೆಯಾಗಬಹುದು. ನೋಂದಾಯಿತ ಫರ್ಮಾದರೆ ಫರ್ಮುಗಳ ರಿಜಿಸ್ಟ್ರಾರರಿಗೆ ತಿಳಿಸಿ, ರಾಜ್ಯಪತ್ರದಲ್ಲಿಯೂ ಆ ಪ್ರದೇಶದ ಒಂದು ದೇಶಭಾಷಾ ಪತ್ರಿಕೆಯಲ್ಲಿಯೂ ಪ್ರಕಟಿಸಬೇಕು. ಹಳೆಯ ಬಾಕಿಗಳ ಹೊಣೆ ಆಗಲೂ ಬಿಡದು. ಬಾಕಿಯವರು ಒಪ್ಪಿ ಬಿಟ್ಟರೆ ಮಾತ್ರ ಬಿಡುಗಡೆ.

2008ರ ಕಾಯಿದೆಯಂತೆ ಸೀಮಿತ ಹೊಣೆಯ ಪಾಲುದಾರಿಕೆಯೂ ಈಗ ಉಂಟು. ಅದರಲ್ಲಿ ಸಂಸ್ಥೆಯ ಸಾಲ ಸಾಮಾನ್ಯವಾಗಿ ಪಾಲುದಾರರ ಸ್ವಂತ ಆಸ್ತಿಗೆ ತಟ್ಟದು. ಆದರೆ ವೈಯಕ್ತಿಕ ಜಾಮೀನೆಂದು ಬೇರೊಂದು ಕಾಗದಕ್ಕೆ ಸಹಿ ಮಾಡಿದರೆ ಹೊಣೆ ಮರಳಿ ತಲೆಯ ಮೇಲೆ ಬರುತ್ತದೆ.

ಮೊನ್ನೆ ಆ ಮನೆಯ ಕಿರಿಯ ಸೊಸೆಯ ಮುಂದೆ ಹೊಸ ಪಾಲುಪತ್ರವೊಂದನ್ನಿಟ್ಟರಂತೆ. ಆಕೆ ಅದನ್ನು ಅತ್ತಿಗೆಯ ಕೈಗೆ ಕೊಟ್ಟಳು. ಅವರು ಕನ್ನಡಕ ತರಿಸಿಕೊಂಡು ಮೊದಲ ಪುಟದಿಂದ ಓದತೊಡಗಿದರು. ಗಂಡಸರು ಊಟಕ್ಕೆ ಕಾದು ಕುಳಿತರಂತೆ.