ಕ್ಲಚ್ಚಿನ ದೋಷವೂ ಹೇತುವಿನ ವಿಚಾರವೂ

ಹೊಗೆಯಿದ್ದಲ್ಲಿ ಬೆಂಕಿಯುಂಟೆಂದು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠ. ಆದರೆ ಒಂದೇ ಚಿಹ್ನೆಯು ಅನೇಕ ಕಾರಣಗಳಿಂದ ಹುಟ್ಟಬಹುದಾದಲ್ಲಿ, ಅದನ್ನು ಹಿಡಿದು ಒಂದೇ ಕಾರಣವನ್ನು ನಿಶ್ಚಯಿಸಲಾಗದು. ಅಂತಹ ಹೇತುವನ್ನು ನೈಯಾಯಿಕರು ಅನೈಕಾಂತಿಕವೆಂದು ಕರೆದು ದೋಷಗಳಲ್ಲಿ ಎಣಿಸಿದರು. ಈ ಎಚ್ಚರಿಕೆಯು ಹಳೆಯ ಮೋಟಾರು ಗಾಡಿಯನ್ನು ಕಾಪಾಡಿಕೊಂಡು ಬರುವವನಿಗೂ ಉಪಯುಕ್ತವಾದುದು.

ಇಂಗ್ಲೆಂಡಿನ ಆಬಿಂಗ್ಡನ್ ಪಟ್ಟಣದಲ್ಲಿ 1962ರಿಂದ 1980ರ ವರೆಗೆ ತಯಾರಾದ ಎಂ.ಜಿ.ಬಿ. ಎಂಬ ಗಾಡಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇದರ ಕ್ಲಚ್ಚು ದ್ರವದ ಒತ್ತಡದಿಂದ ನಡೆಯುತ್ತದೆ. ಪೆಡಲನ್ನು ತುಳಿದರೆ ಮೇಲಿನ ಮುಖ್ಯ ಸಿಲಿಂಡರಿನ ದ್ರವವು ಕೊಳವೆಯ ಮೂಲಕ ಕೆಳಗಿನ ಸಿಲಿಂಡರನ್ನು ಸೇರಿ ಅಲ್ಲಿಯ ಕಡ್ಡಿಯನ್ನು ನೂಕುತ್ತದೆ. ಮೇಲಿನದರ ವ್ಯಾಸ ಮುಕ್ಕಾಲು ಅಂಗುಲ, ಕೆಳಗಿನದರದು ಒಂದೂಕಾಲು ಅಂಗುಲ. ಆದುದರಿಂದ ಬಲವು ಸುಮಾರು 2.8 ಪಟ್ಟು ಹೆಚ್ಚಿ, ಚಲನೆಯು ಅಷ್ಟೇ ಪಟ್ಟು ಕುಗ್ಗುತ್ತದೆ. ಕೊನೆಗೆ ಕಡ್ಡಿಗೆ ದೊರೆಯುವ ಚಲನೆ ಸುಮಾರು ಅರ್ಧ ಅಂಗುಲ ಮಾತ್ರ. ಇಷ್ಟರಲ್ಲಿ ಸ್ವಲ್ಪ ನಷ್ಟವಾದರೂ ಕ್ಲಚ್ಚು ಪೂರ್ತಿಯಾಗಿ ಬಿಡದೆ, ಗೇರು ಹಾಕುವಾಗ ಹಲ್ಲುಗಳು ಕರಕರನೆ ಅರೆಯುತ್ತವೆ.

ಈ ಶಬ್ದವೇ ಅನೈಕಾಂತಿಕವಾದ ಹೇತು. ಅದನ್ನು ಕೇಳಿದೊಡನೆ ಕ್ಲಚ್ಚಿನ ತಟ್ಟೆಯೇ ಕೆಟ್ಟಿತೆಂದು ನಿರ್ಣಯಿಸಿದವನು ಎಂಜಿನ್ನನ್ನೇ ಹೊರಕ್ಕೆ ಎತ್ತಬೇಕು. ಈ ಗಾಡಿಯಲ್ಲಿ ತಟ್ಟೆಯನ್ನು ಮುಟ್ಟಲು ಅದೇ ದಾರಿ. ಬೆಟ್ಟ ಅಗೆದು ಇಲಿ ಹಿಡಿದಂತೆಂಬ ಗಾದೆಯುಂಟಷ್ಟೆ. ಇಲ್ಲಿ ಎಷ್ಟೋ ವೇಳೆ ಇಲಿಯೂ ದೊರೆಯುವುದಿಲ್ಲ.

ಆದಕಾರಣ ಪರೀಕ್ಷೆಯು ಸಮೀಪದಿಂದ ದೂರಕ್ಕೆ ಸಾಗತಕ್ಕದ್ದು. ಮೊದಲು ದ್ರವದ ಮಟ್ಟವನ್ನು ನೋಡಬೇಕು. ಅದು ಇಳಿದಿದ್ದರೆ ಸೋರಿಕೆಯುಂಟು. ಪೆಡಲಿನ ಬಳಿಯಲ್ಲಾಗಲಿ ಕೆಳಗಿನ ಸಿಲಿಂಡರಿನ ರಬ್ಬರು ಮುಸುಕಿನಲ್ಲಾಗಲಿ ಒದ್ದೆ ಕಾಣುವುದು. ತುಳಿತವು ಮೆತ್ತಗಿದ್ದು, ಎರಡು ಮೂರು ಸಲ ತುಳಿದ ಮೇಲೆ ಗೇರು ಸುಲಭವಾಗಿ ಬಿದ್ದರೆ ಕೊಳವೆಯಲ್ಲಿ ಗಾಳಿ ಸೇರಿರುವ ಸಂಭವವೇ ಹೆಚ್ಚು. ಪೆಡಲನ್ನು ಒತ್ತಿ ಹಿಡಿದಿದ್ದರೂ ಗಾಡಿ ಮೆಲ್ಲಗೆ ತೆವಳತೊಡಗಿದರೆ, ಹೊರಗೆ ಹನಿಯಿಲ್ಲದಿದ್ದರೂ, ಮುಖ್ಯ ಸಿಲಿಂಡರಿನೊಳಗಿನ ರಬ್ಬರು ಸವೆದು ದ್ರವವು ಹಿಂದಕ್ಕೆ ಜಾರುತ್ತಿರಬಹುದು. ಕಾಲು ತೆಗೆದ ಮೇಲೂ ಕ್ಲಚ್ಚು ತಡವಾಗಿ ಹಿಡಿದರೆ, ಹಳೆಯ ರಬ್ಬರು ಕೊಳವೆಯು ಒಳಗೇ ಉಬ್ಬಿ ದಾರಿ ಕಟ್ಟಿರಬಹುದು. ಇವಾವುವೂ ಅಲ್ಲವಾದರೆ, ಪೆಡಲನ್ನು ಸಿಲಿಂಡರಿನ ಕಡ್ಡಿಗೆ ಕೂಡಿಸುವ ಸಣ್ಣ ಪಿನ್ನನ್ನು ಪರೀಕ್ಷಿಸಬೇಕು. ವರ್ಷಗಟ್ಟಲೆ ತುಳಿತದಿಂದ ಅದು ಸವೆದು, ಅದರ ರಂಧ್ರವು ಅಂಡಾಕಾರವಾಗಿ, ತುಳಿತದ ಮೊದಲ ಭಾಗವೆಲ್ಲ ವ್ಯರ್ಥವಾಗುವುದುಂಟು.

ಕೊನೆಗೆ, ಎಂಜಿನ್ನನ್ನು ನಿಲ್ಲಿಸಿ, ಒಬ್ಬನು ಪೆಡಲನ್ನು ತುಳಿಯುತ್ತಿರಲು ಇನ್ನೊಬ್ಬನು ಕೆಳಗಿನ ಕಡ್ಡಿಯ ಚಲನೆಯನ್ನು ಅಳೆಯಬೇಕು. ಕೆಳಗೆ ಹೋಗುವವನು ಜಾಕಿಯೊಂದನ್ನೇ ನಂಬದೆ ಗಾಡಿಗೆ ಭದ್ರವಾದ ಆಧಾರ ಕೊಟ್ಟಿರಬೇಕು. ಅರ್ಧ ಅಂಗುಲ ಪೂರ್ತಿಯಾಗಿ ದೊರೆತೂ ಹಲ್ಲು ಅರೆಯುತ್ತಿದ್ದರೆ ಮಾತ್ರ ದೋಷವು ಒಳಗಿದೆಯೆಂದು ತಿಳಿಯಬೇಕು. ಆಗ ಎಂಜಿನ್ನನ್ನು ಎತ್ತುವುದು ನ್ಯಾಯ. ಅಲ್ಪವೆಂದು ಪಿನ್ನನ್ನು ಕಡೆಗಣಿಸಿದವನು ಎಲ್ಲವನ್ನೂ ಬಿಚ್ಚಿ, ಹೊಸ ತಟ್ಟೆಯನ್ನು ಹಾಕಿ, ಪುನಃ ಜೋಡಿಸಿದ ಮೇಲೂ ಅದೇ ಕರಕರ ಶಬ್ದವನ್ನು ಕೇಳುತ್ತಾನೆ.